ತುಕ್ಕು ಕೈ

ಬೀರುವಿನ ಬಾಗಿಲು ತೆರೆದದ್ದೇ ತಡ, ತುಕ್ಕಿ ಒಂದು ಹೆಜ್ಜೆ ಹಿಂದೆ ಸರಿದಳು. ಮೇಲಿನ ಖಾನೆಯಲ್ಲಿ ಸಾಲಾಗಿ ನಿಂತಿದ್ದ ಟ್ಯಾಪುಗಳ ಮೈಮೇಲೆಲ್ಲ ಕೆಂಪು ಪುಡಿ. ಎಂಟು ದಿನದ ಹಿಂದೆ ಈ ಖಾನೆಯನ್ನು ಅವಳೇ ಮುಚ್ಚಿದ್ದಳು. ಆಗ ಒಂದೊಂದೂ ಹೊಸ ಸೂಜಿಯ ಹಾಗೆ ಹೊಳೆಯುತ್ತಿತ್ತು.

"ಅಯ್ಯೋ ನನ್ನ ಕರ್ಮವೇ!" ಅಂದಳು. ಕೇಳುವವರು ಯಾರೂ ಇರಲಿಲ್ಲ. ಗೋಡೆ ಗಡಿಯಾರದಲ್ಲಿ ಹತ್ತೂವರೆ. ಹನ್ನೆರಡಕ್ಕೆ ಅಪ್ಪ ಆಸ್ಪತ್ರೆಯಿಂದ ಮನೆಗೆ ಬರುತ್ತಾರೆ. ಐದಕ್ಕೆ ಮೀಸೆ ಮೇಸ್ತ್ರಿಯ ವ್ಯಾನು ಬರುತ್ತದೆ.

ಟ್ಯಾಪು ಅಂದರೆ ನೀರಿನ ನಲ್ಲಿ ಅಂದುಕೊಳ್ಳಬೇಡಿ. ತಿರುಪು ಕೂರುವ ತೂತಿನ ಒಳಗೆ ಸುರುಳಿ ಗೆರೆ ಕೊರೆಯುವ ಉಕ್ಕಿನ ಕಡ್ಡಿ ಅದು. ಬೆರಳಿನಷ್ಟು ದಪ್ಪದ್ದೂ ಇದೆ, ಬೆಂಕಿಕಡ್ಡಿಗಿಂತ ಸಣ್ಣದೂ ಇದೆ. ಕಡ್ಡಿಯ ಹೊರಮೈಗೆ ಗೆರೆ ಕೊರೆಯುವ ಬಿಲ್ಲೆಗೆ ಡೈ ಅನ್ನುತ್ತಾರೆ. ಎರಡರ ಜೀವವೂ ಹಲ್ಲಿನ ಅಂಚಿನಲ್ಲಿ. ಆ ಅಂಚಿಗೆ ತುಕ್ಕು ಹತ್ತಿತೋ, ಮುಗಿಯಿತು ಕಥೆ. ಕೊರೆಯುವ ಬದಲು ಕಚ್ಚಿಕೊಳ್ಳುತ್ತದೆ, ಕಚ್ಚಿಕೊಂಡು ತೂತಿನೊಳಗೇ ಮುರಿಯುತ್ತದೆ, ಆಮೇಲೆ ಕೆಲಸ ಕೊಟ್ಟವನ ಬಾಯಿಗೆ ನೀವು ಸಿಕ್ಕಿಬೀಳುತ್ತೀರಿ.

ಮನೆಯ ಹಿಂದಿನ ಶೆಡ್ಡಿನಲ್ಲಿ, ಈ ಬೀರುವಿನಲ್ಲಿ, ಅಂಥವು ನೂರ ಎಂಬತ್ತು ಚಿಲ್ಲರೆ ಇದ್ದವು. ನಲವತ್ತೈದು ವರ್ಷದಲ್ಲಿ ಈ ಬೀರು ಸೇರಿದ ಒಂದಕ್ಕೂ ಚುಕ್ಕೆ ತುಕ್ಕು ಬಿದ್ದದ್ದಿಲ್ಲ. ಕೆಲಸ ಮುಗಿದ ಕೂಡಲೇ ಸೀಮೆಎಣ್ಣೆಯಲ್ಲಿ ತೊಳೆಯಬೇಕು, ಸಂದಿನಲ್ಲಿ ಸಿಕ್ಕಿದ ಕಬ್ಬಿಣದ ಚೂರು ಬ್ರಷ್ಷಿನಲ್ಲಿ ತೆಗೆಯಬೇಕು, ಒಣಗಿಸಬೇಕು, ಮಷಿನ್ ಎಣ್ಣೆ ಸವರಬೇಕು. ದೊಡ್ಡವಕ್ಕೆ ಎಣ್ಣೆ ಕಾಗದ ಸುತ್ತಬೇಕು, ಸಣ್ಣವನ್ನು ತೂತು ಕೊರೆದ ಹಲಗೆಯಲ್ಲಿ ಒಂದಕ್ಕೊಂದು ತಾಗದ ಹಾಗೆ ನಿಲ್ಲಿಸಬೇಕು. ಖಾನೆಯ ಒಂದು ಮೂಲೆಗೆ ಕರ್ಪೂರ, ಇನ್ನೊಂದು ಮೂಲೆಗೆ ತೇವ ಹೀರಲಿ ಅಂತ ಸೀಮೆಸುಣ್ಣದ ತುಂಡು. ಇಷ್ಟನ್ನೂ ಅಪ್ಪ ಮಾಡುತ್ತಿದ್ದದ್ದು ಬಿಳಿ ನೂಲಿನ ಗ್ಲೌಸು ಹಾಕಿಕೊಂಡು. ಬೀದಿಯವರಿಗೆಲ್ಲ ಅದೊಂದು ತಮಾಷೆ. "ಹೆತ್ತ ಮಕ್ಕಳನ್ನೂ ಇಷ್ಟು ಜೋಪಾನವಾಗಿ ಮಲಗಿಸಿಲ್ಲ ಈ ಮನುಷ್ಯ" ಅನ್ನುತ್ತಿದ್ದರು. ಹೆತ್ತ ಮಗಳಿಗೆ ಮಾತ್ರ ಆ ಮಾತು ಕೇಳಿ ನಗು ಬರುತ್ತಿರಲಿಲ್ಲ.

ಅವಳಿಗೆ ಒಂಬತ್ತು ವರ್ಷವಾಗಿದ್ದಾಗ ನಡೆದದ್ದು ಇದು. ಅಪ್ಪ ಹೊಸದಾಗಿ ತಂದು ಇನ್ನೂ ಬೀರುವಿಗೆ ಸೇರಿಸದ ಡೈಯನ್ನು ಎತ್ತಿಕೊಂಡು ಒಂದು ಮಧ್ಯಾಹ್ನವೆಲ್ಲ ಆಟವಾಡಿದ್ದಳು. ಮಾರನೆಯ ದಿನ ನೋಡಿದರೆ ಅದರ ಮೇಲೆ ಐದು ಪುಟ್ಟ ಬೆರಳಿನ ಗುರುತು, ತುಕ್ಕಿನಲ್ಲಿ ಅಚ್ಚು ಹೊಡೆದ ಹಾಗೆ. ಕೆಲವರ ಬೆವರೇ ಹಾಗೆ, ಮುಟ್ಟಿದ ಉಕ್ಕು ಕೆಂಪಾಗುತ್ತದೆ. "ಇವಳದು ತುಕ್ಕು ಕೈ" ಅಂದರು ಅಪ್ಪ. ಬೈಯಲಿಲ್ಲ, ಹೊಡೆಯಲಿಲ್ಲ. ಹಳದಿ ಬಣ್ಣದ ಡಬ್ಬಿ ತಂದು ಶೆಡ್ಡಿನ ಬಾಗಿಲ ಒಳಗೆ ನೆಲದ ಮೇಲೆ ಒಂದು ಗೆರೆ ಎಳೆದು, "ಇದರಿಂದ ಈಚೆ ಬರಬೇಡ" ಅಂದರು, ಅಷ್ಟೇ. ಅಣ್ಣ ಅವತ್ತಿನಿಂದ ಅವಳನ್ನು ತುಕ್ಕಿ ಅಂತ ಕರೆದ. ಮೂವತ್ತಾರು ದಾಟಿದರೂ ಅದೇ ಹೆಸರು. ಗೆರೆ ಮಾಸಿದಾಗಲೆಲ್ಲ ಅಪ್ಪ ಮತ್ತೆ ಬಣ್ಣ ಬಳಿಯುತ್ತಿದ್ದರು.

ಒಳಗೆ ಬಿಡದಿದ್ದರೆ ಏನಂತೆ, ಅವಳು ಗೆರೆಯ ಮೇಲೆ ನಿಂತೇ ಕಣ್ಣಲ್ಲಿ ಎಲ್ಲ ಕಲಿತಳು. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಷಿನ್ ರಿಪೇರಿ ಮಾಡುತ್ತ ಕೂತಳು. ಹಳೆಯ ಮಷಿನ್ನುಗಳಲ್ಲಿ ತಿರುಪಿನ ತೂತು ಸವೆದಿರುತ್ತದೆ, ಹೊಸ ಗೆರೆ ಕೊರೆಯದೆ ಗತಿಯಿಲ್ಲ. ಅಂಥದ್ದು ಬಂದಾಗ ಅಣ್ಣನ ಕೈಗೆ ಕೊಟ್ಟು ಶೆಡ್ಡಿಗೆ, ಅಪ್ಪನ ಹತ್ತಿರ ಕಳಿಸಬೇಕಿತ್ತು. ಅಣ್ಣ ಬಸ್ಸಿನ ಡ್ರೈವರು. ಆ ಕೈಗೆ ಸ್ಟೇರಿಂಗು ಸರಿ, ಟ್ಯಾಪು ಹಿಡಿದರೆ ಲಟಕ್ಕಂತ ಮುರಿಯಬೇಕು. ನಾಲ್ಕು ಮುರಿದ ಮೇಲೆ ಅಪ್ಪ ಅವನ ಆಸೆಯನ್ನೂ ಬಿಟ್ಟಿದ್ದರು.

ಆರು ವಾರದ ಹಿಂದೆ ಅಪ್ಪ ಶೆಡ್ಡಿನ ಮೆಟ್ಟಿಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಅದಕ್ಕೂ ಮೊದಲೇ ಕೈ ನಡುಗಲು ಶುರುವಾಗಿತ್ತು. ಆಸ್ಪತ್ರೆಗೆ ಸೇರಿಸುವಾಗ ಸಹಿ ಹಾಕಲಾಗದೆ ಹೆಬ್ಬೆಟ್ಟು ಒತ್ತಿದರು. ಆ ನೀಲಿ ಗುರುತಿನ ನಡುವೆ ಓರೆಯಾಗಿ ಒಂದು ಬಿಳಿ ಗೆರೆ, ಯಾವುದೋ ಕಾಲದ ಹಳೇ ಗಾಯದ್ದು. ತುಕ್ಕಿ ಆ ಕಾಗದವನ್ನು ಹಿಡಿದು ಅತ್ತಿದ್ದಳು. ಅಪ್ಪನ ಕೈ ಅಷ್ಟು ಹತ್ತಿರದಿಂದ ಅವಳು ನೋಡಿದ್ದೇ ಆವತ್ತು.

ಅಪ್ಪ ಇಲ್ಲದ ಮನೆಯಲ್ಲಿ ಅಣ್ಣ ಬೀಗದ ಕೈಯನ್ನು ಅವಳ ಮುಂದೆ ಹಿಡಿದ. "ತಗೋ ಮಾರಾಯ್ತಿ, ನನಗೆ ಡ್ಯೂಟಿ ಇದೆ. ನಿನ್ನ ಮಷಿನ್ನು ನೀನೇ ಮಾಡ್ಕೋ. ಅಪ್ಪನಿಗೆ ಯಾರು ಹೇಳ್ತಾರೆ?" ಅಂದ. ಅವಳು ಹಳದಿ ಗೆರೆ ದಾಟಿದಳು. ಆರು ವಾರದಲ್ಲಿ ಹನ್ನೊಂದು ಮಷಿನ್ ಎದ್ದು ನಿಂತವು, ಒಂದು ಟ್ಯಾಪೂ ಮುರಿಯಲಿಲ್ಲ. ಸಣ್ಣ ಟ್ಯಾಪನ್ನು ಅಪ್ಪನ ಹಾಗೆ ಗ್ಲೌಸು ಹಾಕಿಕೊಂಡು ತಿರುಗಿಸಲು ಅವಳಿಂದ ಆಗಲಿಲ್ಲ, ಅದು ಮುರಿಯುವ ಮುಂಚೆ ಬೆರಳಿಗೆ ಹೇಳುತ್ತದೆ, ಆ ಮಾತು ಬಟ್ಟೆಯೊಳಗೆ ಕೇಳಿಸದು. ಬರಿಗೈಯಲ್ಲೇ ತಿರುಗಿಸಿದಳು. ಪ್ರತಿ ಸಲವೂ ಅಪ್ಪ ಮಾಡಿದ ಹಾಗೇ ತೊಳೆದು, ಒರೆಸಿ, ಎಣ್ಣೆ ಹಾಕಿ ಇಟ್ಟಳು. ಜೀವಮಾನದಲ್ಲಿ ಅಷ್ಟು ಸಂತೋಷವಾಗಿ ಅವಳು ಎಂದೂ ಇರಲಿಲ್ಲ.

ತಪ್ಪಿದ್ದು ಒಂದೇ ಸಲ. ಎಂಟು ದಿನದ ಹಿಂದೆ, ಆಸ್ಪತ್ರೆಯಿಂದ ಫೋನು ಬಂದಾಗ, ಕೈಯಲ್ಲಿದ್ದ ಟ್ಯಾಪನ್ನು ಒರೆಸದೆ ಹಾಗೇ ಹಲಗೆಗೆ ಸಿಕ್ಕಿಸಿ ಓಡಿದ್ದಳು. ಆಮೇಲೆ ಆಸ್ಪತ್ರೆಯ ಓಡಾಟದಲ್ಲಿ ಬೀರು ತೆರೆಯಲು ಆಗಿರಲಿಲ್ಲ.

ನಿನ್ನೆ ಅಪ್ಪ ಫೋನಿನಲ್ಲಿ ಮೀಸೆ ಮೇಸ್ತ್ರಿಯ ಜೊತೆ ಮಾತು ಮುಗಿಸಿದರು. ಮೀಸೆ ಅವರ ಹಳೇ ಸ್ನೇಹಿತ, ಊರಾಚೆ ವರ್ಕ್‌ಶಾಪು ಇಟ್ಟವನು. "ನನ್ನ ಮನೇಲಿ ಹಿಡಿಯೋ ಕೈ ಇಲ್ಲ. ನಾಳೆ ಐದಕ್ಕೆ ಬಂದು ಬೀರು ತಗೊಂಡು ಹೋಗು" ಅಂದರಂತೆ. ಇವತ್ತು ಅಪ್ಪ ಬಂದ ಕೂಡಲೇ ಹನ್ನೊಂದು ಮಷಿನ್ನಿನ ವಿಷಯ ಹೇಳಿಬಿಡಬೇಕು, ಹೊಳೆಯುವ ಟ್ಯಾಪುಗಳನ್ನು ತೋರಿಸಿ "ನನಗೆ ಕೊಡಿ" ಅನ್ನಬೇಕು ಅಂತ ರಾತ್ರಿಯೆಲ್ಲ ಮಾತು ಜೋಡಿಸಿಕೊಂಡಿದ್ದಳು. ಈಗ ತೋರಿಸುವುದೇನು? ಈ ಕೆಂಪು ಪುಡಿಯನ್ನೇ?

ಅಳುತ್ತ ಕೂರುವ ಹೊತ್ತಲ್ಲ. ಸೀಮೆಎಣ್ಣೆಯ ತಟ್ಟೆ ಎಳೆದುಕೊಂಡು, ಬ್ರಷ್ಷು ಹಿಡಿದು ಒಂದೊಂದನ್ನೇ ಉಜ್ಜತೊಡಗಿದಳು. ಉಜ್ಜಿದಷ್ಟೂ ಸೋಜಿಗ. ಇದು ಬೆರಳಿನ ಗುರುತಲ್ಲ. ಅವಳು ಮುಟ್ಟೇ ಇಲ್ಲದ ದಪ್ಪ ಟ್ಯಾಪುಗಳಿಗೂ, ಎಣ್ಣೆ ಕಾಗದದೊಳಗೆ ಮಲಗಿದ್ದ ಡೈಗಳಿಗೂ ತುಕ್ಕು. ಮೇಲಿನ ಖಾನೆಗಿಂತ ನಡುವಿನದಕ್ಕೆ ಜಾಸ್ತಿ. ಕೆಳಗಿನದನ್ನು ಎಳೆದು ನೋಡುವ ಧೈರ್ಯ ಬರಲಿಲ್ಲ. ಹತ್ತೊಂಬತ್ತನ್ನು ಉಜ್ಜಿ ಇಪ್ಪತ್ತನೆಯದಕ್ಕೆ ಕೈ ಹಾಕುವಷ್ಟರಲ್ಲಿ ಗೇಟಿನ ಸದ್ದಾಯಿತು. ಹನ್ನೆರಡಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಯಾವ ಆಸ್ಪತ್ರೆಯವರು ಜನರನ್ನು ಹೇಳಿದ್ದಕ್ಕಿಂತ ಮುಂಚೆ ಬಿಡುತ್ತಾರೆ, ಹೇಳಿ!

"ಮಾವ, ಮೊದಲು ಮಲಗಿ, ಆಮೇಲೆ ಶೆಡ್ಡು" ಅನ್ನುವ ಅತ್ತಿಗೆಯ ದನಿ ಕೇಳಿಸಿತು. ಹಿಂದೆಯೇ ವಾಕರಿನ ಟಕ್ ಟಕ್. ಸದ್ದು ಕೋಣೆಯ ಕಡೆಗೆ ಹೋಗಲಿಲ್ಲ, ನೇರ ಶೆಡ್ಡಿಗೇ ಬಂತು. ತುಕ್ಕಿಗೆ ಖಾನೆ ಮುಚ್ಚಲೂ ಕೈ ಓಡಲಿಲ್ಲ.

ಅಪ್ಪ ಬಾಗಿಲಲ್ಲಿ ನಿಂತರು. ಅರ್ಧ ಇಳಿದುಹೋಗಿದ್ದರು, ಅಂಗಿ ಮೈಮೇಲೆ ತೂಗುತ್ತಿತ್ತು. ಮೊದಲು ಹಳದಿ ಗೆರೆ ನೋಡಿದರು, ಆಮೇಲೆ ಗೆರೆಯ ಒಳಗಿದ್ದ ಮಗಳ ಕಾಲು ನೋಡಿದರು, ಆಮೇಲೆ ಖಾನೆ ನೋಡಿದರು.

"ನನ್ನ ಗ್ಲೌಸ್ ಎಲ್ಲಿ?"

"ಒಗೆದು ಹಾಕಿದೀನಿ ಮಾವ. ಎಣ್ಣೆ ಜಿಡ್ಡು, ಎರಡು ಸಲ ಸೋಪು ಹಾಕಬೇಕಾಯ್ತು. ಇನ್ನೂ ಒಣಗಿಲ್ಲ" ಅಂದಳು ಅತ್ತಿಗೆ. ಪಾಪ, ಮಾವ ಮನೆಗೆ ಬರುತ್ತಾರೆಂದು ಮನೆಯಲ್ಲಿದ್ದದ್ದನ್ನೆಲ್ಲ ಒಗೆದಿದ್ದಳು.

ಅಪ್ಪ ವಾಕರು ಎಳೆಯುತ್ತ ಬಂದು ಸ್ಟೂಲಿನ ಮೇಲೆ ಕೂತರು. ಒಂದು ಟ್ಯಾಪನ್ನು ಬಟ್ಟೆಯಲ್ಲಿ ಹಿಡಿದೆತ್ತಿ ಬೆಳಕಿಗೆ ತಿರುಗಿಸಿದರು. ಅವರ ಕೈ ನಡುಗುತ್ತಿತ್ತು, ದನಿ ನಡುಗುತ್ತಿರಲಿಲ್ಲ.

"ಎಷ್ಟು ದಿನದಿಂದ?"

"ಆರು ವಾರ ಅಪ್ಪ. ಹನ್ನೊಂದು ಮಷಿನ್ ಮಾಡಿದೀನಿ. ಒಂದೂ ಮುರಿದಿಲ್ಲ, ಬೇಕಾದ್ರೆ ಎಣಿಸಿ ನೋಡಿ. ಪ್ರತಿ ಸಲ ತೊಳೆದು ಇಟ್ಟಿದೀನಿ. ಒಂದೇ ಒಂದು ಸಲ..."

"ಗ್ಲೌಸ್ ಹಾಕ್ಕೊಂಡಿದ್ದೆಯಾ?"

"ಇಲ್ಲ."

"ಮತ್ತೆ ಇನ್ನೇನು ಕೇಳೋದು?" ಅಂದರು ಅಪ್ಪ. ಅಪ್ಪನನ್ನು ಕರೆತಂದು ಬಾಗಿಲ ಹತ್ತಿರ ನಿಂತಿದ್ದ ಅಣ್ಣ ನೆಲ ನೋಡುತ್ತಿದ್ದ.

ತುಕ್ಕಿ ಒಂದು ಡೈಯ ಎಣ್ಣೆ ಕಾಗದ ಬಿಡಿಸಿ ತೋರಿಸಿದಳು. "ಅಪ್ಪ, ಇದು ಬೆರಳಿನ ತುಕ್ಕಲ್ಲ. ನೋಡಿ, ನಾನು ಮುಟ್ಟದೇ ಇರೋದಕ್ಕೂ ಹತ್ತಿದೆ. ಒಂದು ಕೈ ಎಂಟು ದಿನದಲ್ಲಿ ಇಡೀ ಬೀರು ತಿನ್ನುತ್ತಾ? ನನಗೆ ಕೆಲಸ ಬರುತ್ತೆ ಅಪ್ಪ. ಬೀರು ಮೀಸೆ ಮಾಮನಿಗೆ ಕೊಡಬೇಡಿ. ನನಗೆ ಬೇಕು."

"ನಿನಗೆ ಬೇಕು. ಅದಕ್ಕೆ ನೀನು ಬೇಡ" ಅಂದರು. ಆಮೇಲೆ ಅಣ್ಣನ ಕಡೆ ತಿರುಗಿದರು. "ಆ ಮೂಲೇಲಿ ಉಕ್ಕಿನ ತಗಡು ಇದೆ, ಅಂಗೈ ಅಗಲದ್ದು. ಎಮರಿ ಕಾಗದ ಹಾಕಿ ಬೆಳ್ಳಗೆ ಉಜ್ಜು. ಸೀಮೆಎಣ್ಣೆ ಬಟ್ಟೇಲಿ ಒರೆಸಿ ತಾ. ಕೈ ತಾಗಬಾರದು."

ಅಣ್ಣ ಉಜ್ಜಿ ತಂದ. ಅಪ್ಪ ಅತ್ತಿಗೆಗೆ ಬಿಸಿನೀರು ತರಲು ಹೇಳಿ, ಹಳೆಯ ಬಿಸ್ಕತ್ತಿನ ಡಬ್ಬಿಯ ತಳಕ್ಕೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಹಾಸಿಸಿದರು. ಅದರ ಮೇಲೆ ತಂತಿಯ ಜಾಲರಿ ಇಡಿಸಿದರು.

"ಇಬ್ಬರೂ ಹೆಬ್ಬೆಟ್ಟು ಒತ್ತಿ. ಈ ಡಬ್ಬಿಯೊಳಗೆ ನಾಲ್ಕು ಗಂಟೆ ಬಿಸಿಲಿಗಿಟ್ರೆ ಕೈ ತಾನೇ ಹೇಳುತ್ತೆ. ನಿನ್ನ ಗುರುತು ಇವನದಕ್ಕಿಂತ ಕೆಂಪಾಗದೇ ಇದ್ರೆ ಬೀರು ನಿನ್ನದು, ಮೀಸೆನ ನಾನೇ ವಾಪಸ್ ಕಳಿಸ್ತೀನಿ. ಕೆಂಪಾದ್ರೆ, ಐದು ಗಂಟೆಗೆ ಬಾಯಿ ಬಿಡದೆ ಬೀರು ಎತ್ತೋಕೆ ಒಂದು ಕೈ ಕೊಡಬೇಕು. ಒಪ್ಪಿಗೆನಾ?"

ಒಪ್ಪದೆ ಮಾಡುವುದೇನು! ಅವಳು ಹೂಂ ಅಂದಳು. ಬೆಳಿಗ್ಗೆಯಿಂದ ಎಣ್ಣೆಯಲ್ಲಿ ಅದ್ದಿದ ಕೈ, ಹೆಬ್ಬೆಟ್ಟಿನ ತುಂಬ ಜಿಡ್ಡು. ಹಾಗೇ ಒತ್ತಿಬಿಟ್ಟರೆ ಗುರುತು ಬರುವುದೇ ಇಲ್ಲ ಅಂತ ಮನಸ್ಸು ಪಿಸುಗುಟ್ಟಿತು. ಆದರೆ ಅಪ್ಪ ಬಿಡುವವರೇ? "ಸೋಪು ಹಾಕಿ ತೊಳಿ. ತೊಳೆದು, ಮುಷ್ಟಿ ಕಟ್ಟಿ ನಿಂತ್ಕೋ. ಬೆವರು ಬರಲಿ" ಅಂದರು. ಅವಳು ಮುಷ್ಟಿ ಬಿಗಿದು ನಿಂತಳು. ಬೆವರು ಬರಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅಣ್ಣ ಎಡಕ್ಕೆ ಒತ್ತಿದ, ಅವಳು ಬಲಕ್ಕೆ ಒತ್ತಿದಳು. ಅಪ್ಪ ನಡುಗುವ ಕೈಯಲ್ಲಿ ತಗಡನ್ನು ಮೂಲೆ ಹಿಡಿದು, ಬೀಳದ ಹಾಗೆ ಅಮುಕಿ, ಜಾಲರಿಯ ಮೇಲಿಟ್ಟು ಮುಚ್ಚಳ ಹಾಕಿದರು. ಡಬ್ಬಿ ಹಿತ್ತಿಲಿನ ಮೋಟುಗೋಡೆಯ ಮೇಲೆ ಬಿಸಿಲಿಗೆ ಕೂತಿತು. ಗಂಟೆ ಹನ್ನೆರಡೂವರೆ.

ಆ ಮಧ್ಯಾಹ್ನ ಮುಗಿಯುವ ಹಾಗೇ ಇರಲಿಲ್ಲ. ಅತ್ತಿಗೆ ಬಡಿಸಿದ್ದನ್ನು ತುಕ್ಕಿ ಅರ್ಧಕ್ಕೇ ಬಿಟ್ಟು ಎದ್ದಳು. ಅಪ್ಪ ಮಾತ್ರೆ ನುಂಗಿ ಮಲಗಿದರು. ಮನೆ ಸದ್ದಡಗಿತು. ಎರಡು ಗಂಟೆಗೆ ಅವಳು ಹಿತ್ತಿಲಿಗೆ ಬಂದು ಡಬ್ಬಿಯ ಎದುರು ನಿಂತಳು. ಸೊಂಟಕ್ಕೆ ಸಿಕ್ಕಿಸಿಕೊಂಡ ಬಟ್ಟೆಯಲ್ಲಿ ಸೀಮೆಎಣ್ಣೆ ಇನ್ನೂ ಇತ್ತು. ಮುಚ್ಚಳ ಎತ್ತಬೇಕು, ಬಲಗಡೆ ಒಂದು ಸಲ ಎಳೆಯಬೇಕು, ಮುಚ್ಚಬೇಕು. ಎಣಿಸಿದರೆ ಮೂರು ಕೆಲಸ. ಯಾರೂ ನೋಡುತ್ತಿರಲಿಲ್ಲ. ಮುಚ್ಚಳದ ಮೇಲೆ ಕೈ ಇಟ್ಟೂ ಆಯಿತು, ಬಿಸಿಲಿಗೆ ಕಾದ ತಗಡು ಬೆರಳು ಸುಟ್ಟಿತು.

ಒರೆಸಿದರೆ ಗೆಲ್ಲುತ್ತಾಳೆ, ನಿಜ. ಗೆದ್ದು ಆ ಬೀರುವಿನ ಮುಂದೆ ಕೂತಾಗ ಈ ಕೈಯನ್ನು ಎಲ್ಲಿ ಬಚ್ಚಿಡುವುದು? ಮುಂದಿನ ತಿಂಗಳು ಇನ್ನೊಂದು ಟ್ಯಾಪು ಕೆಂಪಾದರೆ ಅದಕ್ಕೆ ಕಾರಣ ತನ್ನ ಬೆವರೋ ಮತ್ತೊಂದೋ ಅಂತ ಅವಳಿಗೇ ಗೊತ್ತಾಗುವುದಿಲ್ಲ. ಅವಳಿಗೆ ಬೇಕಾದದ್ದು ಆ ಕೆಂಪು ಪುಡಿ ಎಲ್ಲಿಂದ ಬಂತು ಅನ್ನುವುದು. "ಥೂ, ಹಾಳಾಗಿ ಹೋಗಲಿ" ಅಂತ ಕೈ ತೆಗೆದು ನೇರ ಶೆಡ್ಡಿಗೆ ನಡೆದಳು. ಬೆಳಿಗ್ಗೆ ಧೈರ್ಯ ಸಾಲದ ಕೆಳಗಿನ ಖಾನೆಯನ್ನು ಈಗ ಎರಡೂ ಕೈಯಿಂದ ಎಳೆದಳು.

ಅಲ್ಲಿ ತುಕ್ಕು ಪುಡಿಯಾಗಿರಲಿಲ್ಲ, ಹಕ್ಕಳೆಯಾಗಿ ಎದ್ದಿತ್ತು. ಮೂಗಿಗೆ ಘಾಟು ಬಡಿದು ಕೆಮ್ಮು ಬಂತು. ಖಾನೆಯನ್ನು ಪೂರ್ತಿ ಹೊರಗೆ ತೆಗೆದು, ನೆಲಕ್ಕೆ ಮುಖ ಹಚ್ಚಿ ಒಳಗೆ ಕಣ್ಣು ಹಾಕಿದಳು. ಬೀರುವಿನ ತಳದಲ್ಲಿ, ಎಣ್ಣೆ ಡಬ್ಬಿಗಳ ಹಿಂದೆ, ಹಳದಿ ನೀರಿನ ಒಂದು ಬಾಟಲಿ. ಕಚ್ಚಾ ಆಸಿಡ್. ಮುಚ್ಚಳ ಅರ್ಧ ತಿರುಗಿ ನಿಂತಿತ್ತು. ಅಷ್ಟು ಸಾಕು. ಎಂಟು ದಿನ ಬಾಗಿಲು ಹಾಕಿದ ಬೀರುವಿನೊಳಗೆ ಆ ಹೊಗೆ ಒಂದೊಂದೇ ಖಾನೆ ಹತ್ತಿ ಉಕ್ಕನ್ನೆಲ್ಲ ನೆಕ್ಕಿತ್ತು.

"ಅದು... ನಾನು ಇಟ್ಟಿದ್ದು."

ತಿರುಗಿದರೆ ಅಣ್ಣ. ಮುಖದಲ್ಲಿ ರಕ್ತವಿರಲಿಲ್ಲ.

"ಬಚ್ಚಲ ಪೈಪು ಕಟ್ಟಿತ್ತಲ್ಲ, ಅದಕ್ಕೆ ತಂದೆ. ಉಳೀತು. ಮಕ್ಕಳ ಕೈಗೆ ಸಿಕ್ಕಿದ್ರೆ ಗತಿಯೇನು ಅಂತ ಹೆದರಿ... ಮನೇಲಿ ಬೀಗ ಇರೋದು ಇದೊಂದಕ್ಕೇ ತಾನೇ. ಜೋಪಾನವಾಗಿರುತ್ತೆ ಅಂತ, ನೀನು ಬೀಗದ ಕೈ ಬಿಟ್ಟು ಆಸ್ಪತ್ರೆಗೆ ಓಡಿದ ದಿನ ಇಲ್ಲಿಟ್ಟೆ. ಅಪ್ಪ ಬಂದು ಖಾನೆ ನೋಡಿದಾಗಲೇ ನನಗೆ ಅನುಮಾನ ಬಂತು, ಬಾಯಿ ಬರಲಿಲ್ಲ ಕಣೇ."

"ನಾನು ಅಲ್ಲಿ ಕಳ್ಳಿ ಹಾಗೆ ಮುಷ್ಟಿ ಕಟ್ಟಿ ನಿಂತಿದ್ದಾಗ ನಿನಗೆ ಬಾಯಿ ಬರಲಿಲ್ಲ! ಅದೇ ಹೆಬ್ಬೆಟ್ಟು ನೀನೂ ಒತ್ತಿದೆಯಲ್ಲೋ, ನಿನ್ನ ಮುಖಕ್ಕಿಷ್ಟು!"

"ಬೈಯಿ. ಎಷ್ಟು ಬೇಕಾದ್ರೂ ಬೈಯಿ. ಅಪ್ಪನ ಹತ್ರ ನಾನೇ ಹೇಳ್ತೀನಿ."

ಹೇಳಿದ, ಅದಕ್ಕೆ ಮೋಸವಿಲ್ಲ. ನಾಲ್ಕು ಗಂಟೆಗೆ ಅಪ್ಪ ಎದ್ದು ಶೆಡ್ಡಿಗೆ ಬಂದಾಗ ಬಾಟಲಿಯನ್ನು ಅಂಗಳದಲ್ಲಿಟ್ಟು, ಒಂದಕ್ಷರ ಬಿಡದೆ ಒಪ್ಪಿಕೊಂಡ. ಅಪ್ಪ ಕೇಳಿದರು. ಒಂದು ಸಲ ಕಣ್ಣು ಮುಚ್ಚಿ ತೆರೆದರು. "ಮಕ್ಕಳ ಕೈಗೆ ಸಿಗಬಾರದು ಅಂತ ಇಟ್ಟೆ. ಸರಿ. ನನಗೂ ಮಕ್ಕಳಿದ್ದಾರೆ" ಅಂದರು. ಅಷ್ಟೇ ಬೈಗುಳ. ಅಣ್ಣನಿಗೆ ಅದಕ್ಕಿಂತ ಎರಡೇಟು ಹೊಡೆದಿದ್ದರೆ ಎಷ್ಟೋ ವಾಸಿಯಾಗಿತ್ತು.

"ಹಾಗಾದ್ರೆ ಡಬ್ಬಿ ತೆಗೆಯೋದು ಬೇಡ ಅಲ್ವಾ ಅಪ್ಪ?" ಅಂದಳು ತುಕ್ಕಿ. ದನಿಯಲ್ಲಿ ಆಸೆ ಇಣುಕಿತು. "ತಪ್ಪು ನನ್ನದಲ್ಲ ಅಂತ ಆಯ್ತಲ್ಲ."

"ಇವತ್ತಿನದು ಬಾಟ್ಲಿ ಮಾಡಿತು. ನಾಳೆಯದು? ವರ್ಷಗಟ್ಟಲೆ ದಿನಾ ಮುಟ್ಟೋ ಕೈ ಅದು. ಬಾಟ್ಲಿನ ಎತ್ತಿ ಹೊರಗಿಡಬಹುದು. ಕೈನ ಎಲ್ಲಿಡ್ತೀಯಾ? ಮಾತು ಮಾತೇ. ಡಬ್ಬಿ ತಗೊಂಡು ಬಾ."

ಎಂಥ ಹಟಮಾರಿ ಮುದುಕ! ಅವಳಿಗೆ ಅಳು ಬಂತು, ಅಳಲಿಲ್ಲ. ಡಬ್ಬಿ ತಂದು ಮೇಜಿನ ಮೇಲಿಟ್ಟಳು. ನಾಲ್ಕೂ ನಲವತ್ತು. ಅತ್ತಿಗೆಯೂ ಬಂದು ಹಳದಿ ಗೆರೆಯ ಹೊರಗೆ ಸೆರಗು ಕಚ್ಚಿ ನಿಂತಳು. ಅಪ್ಪ ಮುಚ್ಚಳ ತೆಗೆಯಲು ನೋಡಿದರು, ಕೈ ನಡುಗಿ ಹಿಡಿತ ಸಿಗಲಿಲ್ಲ. ಕೊನೆಗೆ ಅಣ್ಣನೇ ತೆಗೆದ. ತಗಡನ್ನು ಬಟ್ಟೆಯಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಇಟ್ಟ.

ಎಡಗಡೆ ಅಣ್ಣನ ಗುರುತು ಇದ್ದೂ ಇಲ್ಲದ ಹಾಗೆ, ಬರೀ ಮಬ್ಬು. ಬಲಗಡೆ ಅವಳದು. ಒಂದೊಂದು ಗೆರೆಯೂ ಎಣಿಸುವ ಹಾಗೆ ಕೆಂಪಗೆ ಎದ್ದಿತ್ತು. ತುಕ್ಕಿ ಅದನ್ನು ನೋಡಿ ಮುಖ ತಿರುಗಿಸಿದಳು. ಆಯಿತು, ಮುಗಿಯಿತು. ಇಪ್ಪತ್ತೇಳು ವರ್ಷದಲ್ಲಿ ಅವಳ ಕೈ ಬದಲಾಗಿರಲಿಲ್ಲ. ಇನ್ನು ಮೀಸೆಯ ವ್ಯಾನು ಬರಲಿ, ಬೀರುವಿಗೆ ಒಂದು ಕೈ ಕೊಟ್ಟರಾಯಿತು.

"ಇದೇನಿದು?" ಅಂದ ಅಣ್ಣ.

ತಗಡಿನ ಮೂಲೆಯಲ್ಲಿ, ಅಂಚಿಗೆ ಹತ್ತಿಕೊಂಡು, ಇನ್ನೊಂದು ಗುರುತಿತ್ತು. ಅವಳದಕ್ಕಿಂತ ದೊಡ್ಡದು, ಅವಳದಕ್ಕಿಂತ ಎಷ್ಟೋ ಕಪ್ಪು. ತುಕ್ಕು ಉಕ್ಕನ್ನು ಕಚ್ಚಿ ಕೂತಿತ್ತು. ಅದರ ನಡುವೆ ಓರೆಯಾಗಿ, ಕೊಯ್ದ ಹಾಗೆ, ಒಂದು ಬರಿಯ ಗೆರೆ ಹೊಳೆಯುತ್ತಿತ್ತು.

ಅಣ್ಣನಿಗೆ ಅರ್ಥವಾಗಲಿಲ್ಲ. ತುಕ್ಕಿಗೆ ಆಯಿತು. ಆಸ್ಪತ್ರೆಯ ಕಾಗದದ ಆ ನೀಲಿ ಹೆಬ್ಬೆಟ್ಟು ಅವಳ ಕಣ್ಣ ಮುಂದೆ ಬಂದು ನಿಂತಿತು. ನಿಧಾನವಾಗಿ ಅಪ್ಪನ ಕಡೆ ತಿರುಗಿದಳು. ಅಪ್ಪ ಬಲಗೈಯನ್ನು ಅಂಗಿಯ ಜೇಬಿಗೆ ತುರುಕಿಕೊಳ್ಳಲು ನೋಡುತ್ತಿದ್ದರು. ಕೈ ನಡುಗುತ್ತಿತ್ತು, ಜೇಬು ಸಿಗುತ್ತಿರಲಿಲ್ಲ.

"ಅಪ್ಪ, ಇದು ನಿಮ್ಮದು."

ಅಪ್ಪ ಜೇಬು ಹುಡುಕುವುದನ್ನು ಬಿಟ್ಟು ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡರು.

"ವಯಸ್ಸಾದ ಮೇಲೆ ಹೋಗಿರುತ್ತೆ ಅಂದ್ಕೊಂಡಿದ್ದೆ" ಅಂದರು. "ಬರಿಗೈಲಿ ಹಿಡಿದೆ ಅನ್ನೋದೇ ಮರೆತುಹೋಯ್ತು."

"ಗ್ಲೌಸ್ ಹಾಕ್ತಿದ್ದದ್ದು ಇದಕ್ಕಾ?"

"ಈ ತಗಡಿನ ಪರೀಕ್ಷೆ ನಾನು ಕಂಡುಹಿಡಿದದ್ದಲ್ಲ ಕಣಮ್ಮ. ನನಗೆ ಮಾಡಿದ್ದು. ಹತ್ತೊಂಬತ್ತು ವರ್ಷ ಆಗ. ಕಾರ್ಖಾನೆಯ ಟೂಲ್ ರೂಮಿಗೆ ಸೇರಿ ಮೂರು ತಿಂಗಳಾಗಿತ್ತು. ಅಳತೆ ಸಾಮಾನಿಗೆ ತುಕ್ಕು ಬಿತ್ತು, ಯಾರದು ಅಂತ ಹನ್ನೆರಡು ಜನರ ಹೆಬ್ಬೆಟ್ಟು ಒತ್ತಿಸಿದ್ರು. ಹನ್ನೊಂದು ಬೆಳ್ಳಗಿತ್ತು." ಅಪ್ಪ ಹೆಬ್ಬೆರಳಿನ ಹಳೇ ಗಾಯದ ಗೆರೆ ಸವರಿಕೊಂಡರು. "ಆ ತಗಡನ್ನ ಬಾಗಿಲಿಗೆ ಮೊಳೆ ಹೊಡೆದು ತೂಗುಹಾಕಿದ್ರು. ಕೆಳಗೆ ನನ್ನ ಹೆಸರು ಬರೆದು. ಆಮೇಲೆ ಯಾವ ಕಾರ್ಖಾನೆಯವರೂ ನನ್ನ ಒಳಗೆ ಬಿಡಲಿಲ್ಲ. ಅದಕ್ಕೇ ಈ ಶೆಡ್ಡು. ಅದಕ್ಕೇ ಈ ಎಣ್ಣೆ, ಈ ಕರ್ಪೂರ, ಎಲ್ಲ."

ತುಕ್ಕಿಗೆ ಮರುಕ ಬರಬೇಕಿತ್ತು. ಬಂತು, ಆದರೆ ಅದಕ್ಕಿಂತ ಮೊದಲು ಸಿಟ್ಟು ಬಂತು. ಇಷ್ಟು ಕಾಲ ಒಳಗೇ ಕೂತಿದ್ದ ಒಂಬತ್ತು ವರ್ಷದ ಹುಡುಗಿಯ ಸಿಟ್ಟು.

"ಇಪ್ಪತ್ತೇಳು ವರ್ಷ ಅಪ್ಪ! ನಿಮ್ಮ ಕೈ ನನಗೆ ಬಂದಿದೆ ಅಂತ ಗೊತ್ತಿದ್ದೂ ಇಪ್ಪತ್ತೇಳು ವರ್ಷ ನನ್ನನ್ನ ಆ ಗೆರೆ ಹೊರಗೆ ನಿಲ್ಲಿಸಿದ್ರಿ. ಅವರು ನಿಮಗೆ ಮಾಡಿದ್ದನ್ನ ನೀವು ನನಗೆ ಮಾಡಿದ್ರಿ. ಈ ಕೈ ಇಟ್ಕೊಂಡು ಹೇಗೆ ಬದುಕೋದು ಅಂತ ಗೊತ್ತಿದ್ದವರು ನೀವೊಬ್ಬರೇ. ಒಂದು ದಿನ ಕೂರಿಸ್ಕೊಂಡು ಹೇಳಿಕೊಡೋಕೆ ಏನಾಗಿತ್ತು?"

ಅಪ್ಪ ತಲೆಯೆತ್ತಲಿಲ್ಲ. "ನಿನ್ನ ಕೈ ನೋಡಿದ್ರೆ ಜನಕ್ಕೆ ನನ್ನದು ಕಾಣ್ತಿತ್ತು" ಅಂದರು. "ನನಗೆ ನಾಚಿಕೆಯಾಯ್ತು. ಮಗಳಿಗಿಂತ ಅದೇ ದೊಡ್ಡದಾಯ್ತು ನನಗೆ."

ಹೊರಗೆ ಗೇಟಿನ ಹತ್ತಿರ ವ್ಯಾನಿನ ಹಾರನ್ನು ಎರಡು ಸಲ ಹೊಡೆಯಿತು. ಮೀಸೆ ಮೇಸ್ತ್ರಿ ಐದಕ್ಕೆ ಅಂದರೆ ಐದಕ್ಕೇ.

ಅಪ್ಪ ಮೇಜಿನ ಮೇಲಿದ್ದ ಬೀಗದ ಕೈಯನ್ನು ಎತ್ತಿ ಅವಳ ಕಡೆ ಚಾಚಿದರು. ಅದು ಅವರ ಬೆರಳಿನಲ್ಲಿ ಗಲಗಲ ಅಂತ ಸದ್ದು ಮಾಡುತ್ತಿತ್ತು. ತುಕ್ಕಿ ಅದನ್ನು ತೆಗೆದುಕೊಳ್ಳಲಿಲ್ಲ.

"ಅದು ಆಮೇಲೆ. ಮೊದಲು ಕೈ ಕೊಡಿ" ಅಂದಳು.

ಸೀಮೆಎಣ್ಣೆ ಬಟ್ಟೆ ತೆಗೆದು ಅಪ್ಪನ ಹೆಬ್ಬೆರಳನ್ನು ಒರೆಸಿದಳು. ಒಂದೊಂದು ಬೆರಳನ್ನೂ ಬಿಡಿಸಿ ಒರೆಸಿದಳು. ಗ್ಲೌಸಿನೊಳಗೆ ಇಷ್ಟು ವರ್ಷ ಇದ್ದ ಅಂಗೈ ಮಗುವಿನದರಷ್ಟು ಬೆಳ್ಳಗಿತ್ತು. ಅದಕ್ಕೆ ನಾಲ್ಕು ಹನಿ ಎಣ್ಣೆ ಬಿಟ್ಟು ಸವರಿದಳು, ಅದೇ ಎಣ್ಣೆಯನ್ನು ತನ್ನ ಅಂಗೈಗೂ ಉಜ್ಜಿಕೊಂಡಳು. ಸಣ್ಣ ಟ್ಯಾಪು ಹಿಡಿಯುವ ಮುಂಚೆ ಹೀಗೆ ಮಾಡಿದರೆ ಆಗುತ್ತಾ ಅಂತ ಕೇಳಿದಳು. ಅಪ್ಪ ಮೂಗು ಒರೆಸಿಕೊಂಡು, "ಎಣ್ಣೆ ಕಡಿಮೆ ಆಯ್ತು. ಉಗುರಿನ ಸಂದಿಗೂ ಹೋಗಬೇಕು" ಅಂದರು. ಅವಳು ಇನ್ನೆರಡು ಹನಿ ಬಿಟ್ಟಳು.

ಅಷ್ಟರಲ್ಲಿ ಮೀಸೆ ಮೇಸ್ತ್ರಿ ಹಗ್ಗ ಹೆಗಲಿಗೆ ಹಾಕಿಕೊಂಡು ಬಾಗಿಲಿಗೇ ಬಂದ. ಅಪ್ಪ ಮಗಳು ಕೈ ಕೈ ಹಿಡಿದು ಕೂತದ್ದನ್ನು ನೋಡಿ ಅವನಿಗೆ ತಲೆಬುಡ ತಿಳಿಯಲಿಲ್ಲ. "ಏನಯ್ಯಾ, ಬೀರು ರೆಡಿನಾ?" ಅನ್ನುತ್ತ ಒಳಗೆ ಕಾಲಿಟ್ಟ.

ಅಪ್ಪ ತಲೆಯೆತ್ತಿದರು.

"ಏಯ್ ಮೀಸೆ, ಅಲ್ಲೇ ನಿಲ್ಲು. ಗೆರೆ ಕಾಣಲ್ವಾ?" ಅಂದರು. "ಒಳಗೆ ನನ್ನ ಮಗಳು ಕೆಲಸ ಮಾಡ್ತಿದ್ದಾಳೆ."

ಮೀಸೆ ಎತ್ತಿದ ಕಾಲನ್ನು ಹಾಗೇ ಹಿಂದಕ್ಕೆ ತೆಗೆದ. ತುಕ್ಕಿ ಸೀಮೆಎಣ್ಣೆಯ ತಟ್ಟೆ ಹತ್ತಿರ ಎಳೆದುಕೊಂಡು ಇಪ್ಪತ್ತನೆಯ ಟ್ಯಾಪು ಎತ್ತಿಕೊಂಡಳು.